ಗಜ್ಜರಿ ಬಿರಡೆ ಹಾಕಿದ ರಾಚಯ್ಯ

ರಾಚಯ್ಯನನ್ನು ಮೊದಲ ಸಲ ಕಂಡಾಗ, ಅಂಗಡಿಗೆ ಬಂದ ಮಾಲನ್ನು ನೋಡುವ ಕಣ್ಣಿನಲ್ಲೇ ನೋಡಿದೆ. ನನಗೆ ಬೇರೆ ಕಣ್ಣಿಲ್ಲ. ಎತ್ತರ ಐದೂವರೆ ಅಡಿ. ತೂಕ ಎಪ್ಪತ್ತೆರಡು ಕಿಲೋ ಇದ್ದೀತು, ಅದರಲ್ಲಿ ಒಂದು ಕಿಲೋ ಪ್ಯಾಂಟಿನ ಜೇಬಿನಲ್ಲಿದ್ದ ಸ್ಪ್ಯಾನರು. ವಯಸ್ಸು ನಲವತ್ತರ ಆಚೀಚೆ. ಹಣೆಯ ಮೇಲೆ ಮೂರೆಳೆ ವಿಭೂತಿ, ಸಿಂಗಪುರದ ಬೆವರಿಗೆ ಎರಡೆಳೆ ಕರಗಿ ಒಂದು ಉಳಿದಿತ್ತು. ಉಗುರಿನ ಸಂದಿಯಲ್ಲಿ ಯಾವ ಸೋಪಿಗೂ ಬಗ್ಗದ ಗ್ರೀಸು. ಮಾತು ಕಡಿಮೆ, ಚೌಕಾಸಿ ಇಲ್ಲ, ಬೆಲೆಚೀಟಿಯನ್ನು ಓದುವ ಅಭ್ಯಾಸವೂ ಇಲ್ಲ. ಇಂಥ ಗಿರಾಕಿಗಳು ಹತ್ತು ಮಂದಿ ಸಿಕ್ಕರೆ ನಾನು ಮಧ್ಯಾಹ್ನ ಅಂಗಡಿ ಮುಚ್ಚಿ ಮಲಗಬಹುದು ಎಂದುಕೊಂಡೆ.

ಅಷ್ಟರಲ್ಲಿ ಅವನು ಸಜ್ಜೆ ಹಿಟ್ಟಿನ ಪೊಟ್ಟಣವನ್ನು ಮೂಗಿಗೆ ಹಿಡಿದ.

“ಇದು ಅಕ್ಟೋಬರ್ ಮಾಲು, ಸಾರ್.”

“ಮೊನ್ನೆ ತಾನೆ ಬಂದಿದ್ದು ಸ್ವಾಮಿ.”

“ಮೊನ್ನೆ ಬಂದಿರ್ಬಹುದು. ಬೀಸಿದ್ದು ಅಕ್ಟೋಬರ್. ಎಂಜಿನ್ ಆಯಿಲ್ ಹಳೇದಾದ್ರೂ ಹಿಂಗೇ ಕಹಿ ವಾಸನೆ ಬರುತ್ತೆ.”

ಆಗ ಫೆಬ್ರುವರಿ. ಅವನು ಹೇಳಿದ್ದು ಸರಿಯಾಗಿತ್ತು. ನಾನು ಒಪ್ಪಲಿಲ್ಲ. ಅವನು ನಕ್ಕು ಆ ಪೊಟ್ಟಣವನ್ನೇ ಕೊಂಡು ಹೋದ. ನಮ್ಮಿಬ್ಬರ ಸ್ನೇಹ ಶುರುವಾದದ್ದೇ ಹೀಗೆ: ಅವನಿಗೆ ನಿಜ ಗೊತ್ತು, ನನಗೂ ಗೊತ್ತು, ನಾನು ಬಾಯಿ ಬಿಡುವುದಿಲ್ಲ.

ನನ್ನದು ಸೆರಂಗೂನ್ ರಸ್ತೆಯ ಒಂದು ಅಡ್ಡಗಲ್ಲಿಯಲ್ಲಿ ತರಕಾರಿ, ದಿನಸಿ ಅಂಗಡಿ. ಹೆಸರು ವಾಸು, ಊರು ಅರಸೀಕೆರೆ. ಅಪ್ಪ ಕೊಬ್ಬರಿ ಮಂಡಿಯವರು. ರಾಚಯ್ಯ ಬಾಗಲಕೋಟೆ ಕಡೆಯವನು, ಹಡಗುಕಟ್ಟೆಯಲ್ಲಿ ಎಂಜಿನ್ ವಿಭಾಗದ ಸೂಪರ್‌ವೈಸರು. ಎರಡು ಸಾವಿರದ ನಾಲ್ಕು, ಐದು, ಆರು. ಆ ವರ್ಷಗಳಲ್ಲಿ ಹಡಗುಕಟ್ಟೆಗಳಿಗೆ ಸುಗ್ಗಿಯೋ ಸುಗ್ಗಿ. ಸಮುದ್ರದಲ್ಲಿ ಎಣ್ಣೆ ತೋಡುವ ಯಂತ್ರಗಳಿಗೆ ಮೂರು ಪಾಳಿ ದುಡಿದರೂ ಮುಗಿಯದಷ್ಟು ಆರ್ಡರು. ಬ್ಯಾಂಕಿನ ಹುಡುಗರು ವಾರಕ್ಕೊಬ್ಬರಂತೆ ಬೆಂಗಳೂರಿನಿಂದ ಇಳಿಯುತ್ತಿದ್ದರು, ತಿಂಗಳೊಳಗೆ ದುಬಾರಿ ಕಾಂಡೋ ಫ್ಲ್ಯಾಟು ಬುಕ್ ಮಾಡುತ್ತಿದ್ದರು. ರಾಚಯ್ಯ ಮಾತ್ರ ಹೌಗಾಂಗ್ ಬಡಾವಣೆಯ ಎಂಟನೇ ಮಹಡಿಯ ಫ್ಲ್ಯಾಟಿನಲ್ಲಿ ಹೆಂಡತಿ ವಿದ್ಯಾಶ್ರೀ, ತಾಯಿ ದಾನವ್ವನವರ ಜೊತೆ ಇದ್ದ. ಏಳು ವರ್ಷದ ಒಂದು ಜಪಾನಿ ಕಾರು ಇತ್ತು. ಅದನ್ನು ತೊಳೆಯುತ್ತಿರಲಿಲ್ಲ. ಆದರೆ ಬಾನೆಟ್ ಎತ್ತಿದರೆ ಒಳಗೆ ಊಟ ಬಡಿಸಬಹುದಿತ್ತು.

ಅವನದೊಂದು ಕಟ್ಟಳೆ ಇತ್ತು. ನನ್ನ ಅಂಗಡಿಯ ಫ್ರೀಜರಿಗೆ ಒಂದು ಕೆಂಪು ದೀಪವಿತ್ತು, ಅದು ಯಾವಾಗಲೂ ಉರಿಯುತ್ತಿತ್ತು. ನೋಡಿದ ಗಿರಾಕಿಗಳು ಸುಮ್ಮನೆ ಅನುಮಾನಪಡುತ್ತಾರೆಂದು ಅದರ ಮೇಲೆ ಬಟಾಣಿಯ ಬೆಲೆಚೀಟಿ ಅಂಟಿಸಿದ್ದೆ. ರಾಚಯ್ಯ ಒಂದು ದಿನ ಅದನ್ನು ಉಗುರಿನಿಂದ ಕಿತ್ತ.

“ಏನ್ರೀ ಇದು ಸಾವ್ಕಾರ್ರೆ? ಪಾಪ, ಅದು ಬಾಯಿ ಬಿಟ್ಟು ಕೂಗ್ತಾ ಇದೆ. ನೀವು ಬಾಯಿಗೆ ಪ್ಲಾಸ್ಟರ್ ಹಾಕಿದೀರಿ.”

“ನಡೀತಾ ಇದೆಯಲ್ಲ ಸ್ವಾಮಿ.”

“ನಡೀತಾ ಇರೋದನ್ನೇ ನಿಲ್ಸಬೇಕು. ನಿಂತು ಹೋದದ್ದನ್ನ ಯಾರು ಬೇಕಾದ್ರೂ ನಿಲ್ಸ್ತಾರೆ.”

ದೀಪ ಹತ್ತಿದರೆ ನಿಲ್ಲಿಸು, ಕಾರಣ ಹುಡುಕು, ಆಮೇಲೆ ಮುಂದಕ್ಕೆ ಹೋಗು. ಎಂಜಿನ್ ರೂಮಿನಲ್ಲಿ ಇಪ್ಪತ್ತು ವರ್ಷ ಅವನು ಬದುಕಿ ಉಳಿದದ್ದು ಅದರಿಂದ. ಆ ದಿನ ನನ್ನ ಫ್ರೀಜರಿನ ಹಿಂದೆ ಕೂತು, ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೂ ಹಿಡಿಯನ್ನು ಕಿವಿಗೂ ಒತ್ತಿಕೊಂಡು, ವೈದ್ಯರು ಎದೆ ಪರೀಕ್ಷಿಸುವ ಹಾಗೆ ಕೇಳಿಸಿಕೊಂಡ. ಫ್ಯಾನಿಗೆ ಸಿಕ್ಕಿದ್ದ ಗೋಣಿ ದಾರವನ್ನು ಎಳೆದು ನನ್ನ ಕೈಗೆ ಕೊಟ್ಟ. ದೀಪ ಆರಿತು. ಅದು ಆರಿರುವುದನ್ನು ನಾನು ಮೂರು ವರ್ಷದಲ್ಲಿ ಮೊದಲ ಸಲ ನೋಡಿದೆ.

ಇನ್ನು ದಾನವ್ವನವರ ವಿಷಯ. ಅವರ ಎಂಟು ಎಕರೆ ಎರೆಹೊಲ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತ್ತು. ಅದಕ್ಕವರು ಅತ್ತದ್ದನ್ನು ನಾನು ನೋಡಿಲ್ಲ. ಪರಿಹಾರ ಬಂತು, ಹೊಸ ಊರಲ್ಲಿ ಸೈಟು ಬಂತು, ಮಗ ಕರೆದ, ಬಂದರು. ಆದರೆ ಎಳ್ಳ ಅಮಾವಾಸ್ಯೆ ಬಂದಾಗ ಮಾತ್ರ ಅವರಿಗೆ ಕೂರಲು ಆಗುತ್ತಿರಲಿಲ್ಲ. ಚಳಿಗಾಲದ ಆ ದಿನ ಅವರ ಕಡೆಯವರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲು ಇಟ್ಟು ಪಾಂಡವರೆಂದು ಪೂಜಿಸುತ್ತಾರೆ. ಮಾಡಿದ ಅಡುಗೆಯನ್ನೆಲ್ಲ ಕಲಸಿ ಹೊಲದ ತುಂಬ ಚೆಲ್ಲುತ್ತಾರೆ. ಅದಕ್ಕೆ ಚರಗ ಎನ್ನುತ್ತಾರೆ. ಬಸುರಿಯಾದ ಭೂಮಿಗೆ ಬಯಕೆಯೂಟ. ಮದುವೆಯಾಗಿ ಬಂದ ವರ್ಷದಿಂದ ನಲವತ್ತೇಳು ಚರಗ ಅವರು ತಪ್ಪಿಸಿರಲಿಲ್ಲ. ಹೊಲ ಮುಳುಗಿದ ವರ್ಷವೂ ನೀರಿನ ದಂಡೆಯಲ್ಲಿ ನಿಂತು ಚೆಲ್ಲಿದ್ದರಂತೆ.

ಸಿಂಗಪುರದಲ್ಲಿ ಹೊಲ ಎಲ್ಲಿದೆ? ಮೊದಲ ವರ್ಷ ಬ್ಲಾಕಿನ ಕೆಳಗಿನ ಹುಲ್ಲಿನ ಮೇಲೆ ಚೆಲ್ಲತೊಡಗಿದರು. ಎರಡು ಹಿಡಿ ಬೀಳುವಷ್ಟರಲ್ಲಿ ಹೌಗಾಂಗಿನ ಪಾರಿವಾಳಗಳಷ್ಟೂ ಇಳಿದವು. ಪಾರಿವಾಳಕ್ಕೆ ಆಹಾರ ಹಾಕುವುದು ಅಲ್ಲಿ ತಪ್ಪು. ಸಮವಸ್ತ್ರದ ಒಬ್ಬ ಮನುಷ್ಯ ಬಂದ. ರಾಚಯ್ಯ ಕಟ್ಟಡದಡಿಯ ತೆರೆದ ಜಾಗದಲ್ಲಿ, ವಾಯ್ಡ್ ಡೆಕ್ಕಿನಲ್ಲಿ, ನಿಂತು ವಿವರಿಸಿದನಂತೆ: “ಸರ್, ಇದು ಹಕ್ಕಿಗಲ್ಲ, ಭೂಮಿಗೆ.” ಆತ ಸ್ವಲ್ಪ ಯೋಚಿಸಿ, ಸಿಂಗಪುರದವರ ರಾಗದಲ್ಲಿ, “ಭೂಮಿಗೂ ಹಾಕೋ ಹಾಗಿಲ್ಲ ಲಾ ಅಂಕಲ್” ಎಂದನಂತೆ. ಮಿಕ್ಕ ಬುಟ್ಟಿ ಹಾಗೇ ಲಿಫ್ಟಿನಲ್ಲಿ ಮೇಲಕ್ಕೆ ಹೋಯಿತು. ಅರ್ಧ ಚರಗ.

ಇದನ್ನು ಅಂಗಡಿಯಲ್ಲಿ ಹೇಳುವಾಗ ದಾನವ್ವ ನಗಲಿಲ್ಲ. “ಈ ವರ್ಸಾನೂ ತಪ್ಪಿದ್ರ ಮುಗೀತು ನೋಡಪಾ ವಾಸಪ್ಪಾ. ನಾ ಇನ್ನೊಮ್ಮಿ ಕೇಳಂಗಿಲ್ಲ” ಎಂದರು. ಬೆಂಡೆಕಾಯಿಯ ತುದಿ ಮುರಿದು ನೋಡುತ್ತ ಹೇಳಿದರು. ನನ್ನ ಮುಖ ನೋಡಲಿಲ್ಲ.

ನನಗೆ ಸೊಪ್ಪು, ಕೋಸು, ದಾನವ್ವ ಗಜ್ಜರಿ ಎನ್ನುವ ಕ್ಯಾರೆಟ್ಟು ಬರುತ್ತಿದ್ದದ್ದು ಮಲೇಷ್ಯಾದ ಕ್ಯಾಮೆರಾನ್ ಬೆಟ್ಟದಿಂದ. ಅಲ್ಲಿ ತೋಟ ನೋಡಿಕೊಳ್ಳುತ್ತಿದ್ದ ಕಾಮಾಕ್ಷಿ ಎಂಬ ತಮಿಳು ಹೆಂಗಸಿಗೆ ಫೋನ್ ಮಾಡಿದೆ. ಚೆಲ್ಲಲಿ, ಅದಕ್ಕೇನು ಅಂದಳು. ಉಪಕಾರ ಮಾಡಿದೆನೆಂದು ಯಾರೂ ತಿಳಿಯಬಾರದು. ಹೇಗೂ ಅವಳ ಹತ್ತಿರ ಮೆಂತ್ಯದ ಮಾತಾಡುವುದಿತ್ತು. ರಾಚಯ್ಯನ ಕಾರಿನಲ್ಲಿ ಸೀಟೂ ಇತ್ತು. ಪೆಟ್ರೋಲು ನನ್ನದು ಎಂದೆ. ಅಲ್ಲೇ ನಾನು ಎಡವಿದ್ದು.

ಆ ವರ್ಷ, ಎರಡು ಸಾವಿರದ ಐದರಲ್ಲಿ, ಅಮಾವಾಸ್ಯೆ ಡಿಸೆಂಬರಿನ ಕೊನೆಗೆ ಬಂದಿತ್ತು. ಹಡಗುಕಟ್ಟೆಯಲ್ಲಿ ರಾಚಯ್ಯನಿಗೆ ಶುಕ್ರವಾರ ಮಧ್ಯಾಹ್ನದವರೆಗೆ ಬಿಡುವಿಲ್ಲ. ಊರಿನ ಪಂಚಾಂಗಕ್ಕೆ ಎರಡೂವರೆ ಗಂಟೆ ಕೂಡಿಸಿ, ನಮ್ಮ ಗಡಿಯಾರದಲ್ಲಿ ಶನಿವಾರ ಬೆಳಿಗ್ಗೆ ಹನ್ನೊಂದೂ ಹತ್ತಕ್ಕೆ ಅಮಾವಾಸ್ಯೆ ಬಿಡುತ್ತದೆಂದು ಅವನು ಲೆಕ್ಕ ತೆಗೆದ. ಅಷ್ಟರೊಳಗೆ ಬೆಟ್ಟದ ಮೇಲೆ ಚರಗ ಬೀಳಬೇಕು. ವಿದ್ಯಾಶ್ರೀಗೆ ವರ್ಷದ ಕೊನೆಯ ಆಫೀಸು ಕೆಲಸ, ಅವಳು ಬರುವಂತಿರಲಿಲ್ಲ. ಸಜ್ಜೆ ಕಡಬು, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಮೊಸರನ್ನ ಎಲ್ಲ ಮಾಡಿ ಕಟ್ಟಿಕೊಟ್ಟಳು. ನೈವೇದ್ಯಕ್ಕೆಂದು ಐದು ಹಸಿ ಗಜ್ಜರಿ ನನ್ನ ಅಂಗಡಿಯದು.

ಶುಕ್ರವಾರ ಮಧ್ಯಾಹ್ನ ಹೊರಟು, ರಾತ್ರಿಯ ಹೊತ್ತಿಗೆ ಬೆಟ್ಟದ ಬುಡದ ತಾಪಾ ಎಂಬ ಊರು ಸೇರಿ ಲಾಡ್ಜಿನಲ್ಲಿ ಉಳಿದೆವು. ಬೆಳಿಗ್ಗೆ ರಾಚಯ್ಯ ಲಿಂಗಪೂಜೆಗೆ ಕೂತ. ಅದು ಮುಗಿಯುವ ತನಕ ನೀರೂ ಕುಡಿಯುವವನಲ್ಲ, ನಲವತ್ತು ನಿಮಿಷ. ಅಷ್ಟರಲ್ಲಿ ಪೆಟ್ರೋಲು ತುಂಬಿಸಿಕೊಂಡು ಬರುತ್ತೇನೆಂದು ಕೀಲಿಕೈ ತೆಗೆದುಕೊಂಡು ಹೋದೆ.

ಆ ಕಾಲದಲ್ಲಿ ಸಿಂಗಪುರದಲ್ಲಿ ಕಾರಿದ್ದವರೆಲ್ಲರಿಗೂ ಒಂದು ಚಟ. ಸೇತುವೆಯಾಚೆ ಮಲೇಷ್ಯಾದಲ್ಲಿ ಪೆಟ್ರೋಲು ಅಗ್ಗ. ಅದಕ್ಕೇ ಮುಕ್ಕಾಲು ಟ್ಯಾಂಕ್ ಇಲ್ಲದೆ ಸಿಂಗಪುರ ಬಿಟ್ಟು ಹೋಗುವಂತಿಲ್ಲ ಎಂಬ ಕಾನೂನು. ಕಾನೂನು ಕಾಲು ಟ್ಯಾಂಕಿನ ಆಸೆಯನ್ನಷ್ಟೇ ನಮಗೆ ಬಿಟ್ಟಿತ್ತು, ಆ ಕಾಲನ್ನು ನಾವು ಹಿಗ್ಗಿಸುತ್ತಿದ್ದೆವು. ಪಂಪಿನ ಮೂತಿ ಕ್ಲಿಕ್ ಎಂದು ತಾನೇ ನಿಂತ ಮೇಲೂ ಬಿಡದೆ, ಕಾರಿನ ಹಿಂಭಾಗವನ್ನು ಎರಡು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಕುಲುಕಿ, ಒಳಗಿನ ಗಾಳಿ ಗುಳುಗುಳು ಹೊರಬಂದ ಜಾಗಕ್ಕೆ ಇನ್ನೊಂದೆರಡು ಲೀಟರು. ಸೂಟು ಹಾಕಿದ ಬ್ಯಾಂಕಿನವರು, ಕನ್ನಡಕದ ಪ್ರೊಫೆಸರುಗಳು ಎಲ್ಲ ಕುಲುಕುತ್ತಿದ್ದರು. ಸೇರಿನಲ್ಲಿ ಕಡಲೆ ಅಳೆಯುವಾಗ ನಮ್ಮಪ್ಪ ಸೇರನ್ನು ಕುಟ್ಟುತ್ತಿದ್ದರು. ನನಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಆ ಬೆಳಿಗ್ಗೆ ತಾಪಾದ ಪಂಪಿನಲ್ಲಿ ಮಂಜಿನ ನಡುವೆ ರಾಚಯ್ಯನ ಕಾರನ್ನು ಚೆನ್ನಾಗಿ ಕುಲುಕಿದೆ. ಕೊಳವೆಯ ಬಾಯಲ್ಲಿ ಪೆಟ್ರೋಲು ಕಾಣುವ ತನಕ ತುಂಬಿಸಿ, ಸಂತೋಷವಾಗಿ ಬಂದೆ.

ಏಳೂವರೆಗೆ ಬೆಟ್ಟ ಹತ್ತತೊಡಗಿದೆವು. ಅರವತ್ತು ಕಿಲೋಮೀಟರು, ಎಲ್ಲ ತಿರುವು. ಹತ್ತಿದಂತೆ ಚಳಿ ಏರಿತು. ಸಿಂಗಪುರದವರಿಗೆ ಚಳಿ ಅಂದರೆ ಎಂಆರ್‌ಟಿ ರೈಲಿನ ಏಸಿ. ಇಲ್ಲಿ ಗಾಜಿನ ಮೇಲೆ ಉಸಿರಿನ ಹಬೆ ಕಟ್ಟುತ್ತಿತ್ತು. ನಾನು ಅಂಗಡಿಯ ಕೋಲ್ಡ್ ರೂಮಿನ ಜಾಕೆಟ್ ತಂದಿದ್ದೆ. ರಾಚಯ್ಯನ ಹತ್ತಿರ ಸ್ವೆಟರ್ ಇರಲಿಲ್ಲ, ಹಡಗುಕಟ್ಟೆಯ ಕಿತ್ತಳೆ ಬಣ್ಣದ ಮೇಲಂಗಿ ತೊಟ್ಟಿದ್ದ. ಹಿಂದಿನ ಸೀಟಿನಲ್ಲಿ ದಾನವ್ವ ಕೌದಿ ಹೊದ್ದು, ಮಡಿಲಲ್ಲಿ ಬುಟ್ಟಿ ಇಟ್ಟುಕೊಂಡು, ಕಿಟಕಿಯ ಗಾಜನ್ನು ಪೂರ್ತಿ ಇಳಿಸಿ ಕೂತಿದ್ದರು.

“ಗಾಜು ಏರಿಸಿ ಅಮ್ಮಾ, ನಡುಕ ಬರ್ತಿದೆ” ಎಂದೆ.

“ನಡುಗೋ ತಮ್ಮಾ, ನಡುಗು. ಥಂಡಿ ಅಂದ್ರ ಇದು. ಎರಡ ವರ್ಸಾತು, ಮೈಯಾಗ ಎಲುಬು ಅದಾವಂತ ಇವತ್ತ ಗೊತ್ತಾತು.”

ಅರ್ಧ ದಾರಿಯಲ್ಲಿ, ಎಂಟೂ ಕಾಲಿಗೆ, ಕಾರು ಒಮ್ಮೆ ಮುಗ್ಗರಿಸಿತು. ಸ್ಪೀಡೋಮೀಟರಿನ ಕೆಳಗೆ ಎಂಜಿನ್ನಿನ ಚಿತ್ರದ ಹಳದಿ ದೀಪ ಹೊತ್ತಿಕೊಂಡಿತು. ರಾಚಯ್ಯ ಇಂಡಿಕೇಟರ್ ಹಾಕಿ, ತಿರುವಿನ ಪಕ್ಕದ ಜಲ್ಲಿಯ ಮೇಲೆ ನಿಲ್ಲಿಸಿ, ಎಂಜಿನ್ ಆರಿಸಿದ.

“ಯಾಕೆ ನಿಲ್ಸಿದ್ರಿ?”

“ಲೈಟ್ ಬಂತು.”

“ಸ್ವಾಮಿಗಳೇ, ಬರೀ ಲೈಟು. ಟ್ಯಾಕ್ಸಿಯವರೆಲ್ಲ ಅದನ್ನ ಹೊತ್ತಿಸ್ಕೊಂಡೇ ಓಡಾಡ್ತಾರೆ. ಚಳಿಗೆ ಬಂದಿರುತ್ತೆ. ಹನ್ನೊಂದಕ್ಕೆ ಮೇಲಿರಬೇಕು.”

“ಕಾರಣ ಗೊತ್ತಿಲ್ದೆ ಹತ್ತೋ ಹಾಗಿಲ್ಲ. ಮುಂದೆ ಎಲ್ಲ ಪ್ರಪಾತ, ಹಿಂದೆ ಅವ್ವ ಕೂತಿದಾಳೆ.”

ಮೂಗು ಅರಳಿಸಿ ಕಾರಿನೊಳಗಿನ ಗಾಳಿಯನ್ನು ಎಳೆದುಕೊಂಡ. ನನಗೂ ಬಂತು ವಾಸನೆ. ಪೆಟ್ರೋಲು.

“ಬೆಳಿಗ್ಗೆ ತುಂಬಿಸಿದ್ರಲ್ಲ, ಹೇಗೆ ತುಂಬಿಸಿದ್ರಿ?”

ಸರಳವಾದ ಪ್ರಶ್ನೆ. ಎಂಜಿನ್ ರೂಮಿನಲ್ಲಿ ಎಲ್ಲರನ್ನೂ ಕೇಳುವ ಪ್ರಶ್ನೆ: ಕೊನೆಗೆ ಮುಟ್ಟಿದವನು ಯಾರು, ಏನು ಮಾಡಿದ. ನಾನು ದಾನವ್ವನವರ ಬುಟ್ಟಿಯನ್ನು ನೋಡಿದೆ. ಬಾಯಿ ತಾನಾಗಿ ವ್ಯಾಪಾರಕ್ಕಿಳಿಯಿತು.

“ಹೇಗೆ ಅಂದ್ರೆ? ಎಲ್ಲರೂ ತುಂಬಿಸೋ ಹಾಗೆ. ಕ್ಲಿಕ್ ಅಂತು, ಬಿಟ್ಟೆ.”

“ಹಂಗಾದ್ರೆ ಅದಲ್ಲ” ಎಂದ. ನಂಬಿದ. ನಂಬಿದ್ದರಿಂದ ಒಂದು ಗಂಟೆ ಹೋಯಿತು.

ಮತ್ತೆ ಕೀಲಿ ತಿರುಗಿಸಿದರೆ ಎಂಜಿನ್ ಕೆಮ್ಮಿತು, ಹಿಡಿಯಲಿಲ್ಲ. ಬಾನೆಟ್ ಎತ್ತಿದ. ಆಯಿಲ್ ನೋಡಿದ, ನೀರು ನೋಡಿದ, ಒಂದೊಂದೇ ವೈರನ್ನು ಕೈಬೆರಳ ಹಿಂಭಾಗದಿಂದ ಸವರಿದ. ಸ್ಕ್ರೂಡ್ರೈವರಿಗೆ ಕಿವಿ ಕೊಟ್ಟು ನನಗೆ ಕೀಲಿ ತಿರುಗಿಸಲು ಹೇಳಿದ. ಪೆಟ್ರೋಲಿನ ಪೈಪು ಎಲ್ಲಾದರೂ ಒಡೆದಿದೆಯೇ ಎಂದು ಕಾರಿನ ಕೆಳಗೆ, ಒದ್ದೆ ಜಲ್ಲಿಯ ಮೇಲೆ ಅಂಗಾತ ಮಲಗಿದ. ಮಂಜು ನಮ್ಮನ್ನು ದಾಟಿ ಹೋಗುತ್ತಿತ್ತು. ಅವನ ಕೈ ಮರಗಟ್ಟಿ ಸ್ಪ್ಯಾನರು ಎರಡು ಸಲ ಬಿತ್ತು. ಪ್ರತಿ ಸಲವೂ ನಾನೇ ಎತ್ತಿಕೊಟ್ಟೆ, ದೊಡ್ಡ ಸಹಾಯ ಮಾಡುವವನ ಹಾಗೆ.

ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ತರಕಾರಿ ಲಾರಿಗಳೆಲ್ಲ ಆ ಹೊತ್ತಿನಲ್ಲಿ ಇಳಿಯುವವೇ, ಹತ್ತುವವಿಲ್ಲ. ಒಂದು ಪ್ರವಾಸಿಗರ ವ್ಯಾನು ಮಾತ್ರ ನಿಂತಿತು. ಒಂದು ಸೀಟಿದೆ ಎಂದರು.

“ಅಮ್ಮಾ, ನೀವು ಹೋಗ್ಬಿಡಿ. ಕಾಮಾಕ್ಷಿಗೆ ಚೀಟಿ ಬರ್ಕೊಡ್ತೀನಿ” ಎಂದೆ.

ದಾನವ್ವ ನನ್ನನ್ನು ನೋಡಿದ ನೋಟಕ್ಕೆ ವ್ಯಾನಿನವನೇ ಗಾಜು ಏರಿಸಿಕೊಂಡ. “ಮಗನ್ನ ನಡುದಾರ್ಯಾಗ ಥಂಡ್ಯಾಗ ಕೆಡವಿ ನಾ ಚರಗಾ ಚೆಲ್ಲಾಕ ಹೋಗ್ಲೇನು? ಭೂಮಿತಾಯಿ ಕೇಳಂಗಿಲ್ಲೇನು, ನಿನ್ನ ಮಗ ಎಲ್ಲ್ಯವ್ವಾ ಅಂತ?”

ವ್ಯಾನು ಹೋಯಿತು. ಒಂಬತ್ತೂ ಇಪ್ಪತ್ತು. ಅವರು ಬುಟ್ಟಿಯ ಮೇಲಿನ ಬಟ್ಟೆಯನ್ನು ಬಿಚ್ಚಿ ಮತ್ತೆ ಕಟ್ಟಿದರು. ಬಿಚ್ಚಿ ಮತ್ತೆ ಕಟ್ಟಿದರು.

ಆಗಲಾದರೂ ಹೇಳಬಹುದಿತ್ತು. ಬಾಯಿ ತೆರೆದದ್ದೂ ನಿಜ. ಆದರೆ ಒಂದು ಗಂಟೆಯ ಹಿಂದೆ ಹೇಳಿದ್ದರೆ ಅದು ಬರೀ ತಪ್ಪಾಗಿರುತ್ತಿತ್ತು, ಈಗ ಹೇಳಿದರೆ ಸುಳ್ಳೂ ಸೇರುತ್ತದೆ. ತಡವಾದಷ್ಟೂ ಅದರ ಬೆಲೆ ಏರುತ್ತಿತ್ತು, ಕೊಳ್ಳುವ ಧೈರ್ಯ ನನಗಿರಲಿಲ್ಲ.

ಎಲ್ಲ ನೋಡಿ ಮುಗಿದ ಮೇಲೆ ರಾಚಯ್ಯ ಪೆಟ್ರೋಲ್ ಮುಚ್ಚಳದ ಹತ್ತಿರ ಬಂದ. ತಿರುಗಿಸಿದ. ಬುಸ್ ಎಂದು ಸದ್ದು ಬಂತು, ಹಿಂದೆಯೇ ಒಂದು ಬೊಗಸೆ ಪೆಟ್ರೋಲು ಅವನ ಕಿತ್ತಳೆ ತೋಳಿನ ಮೇಲೆ ಚೆಲ್ಲಿತು. ಬಾಯಿಯವರೆಗೆ ಇತ್ತು. ಮೂವತ್ತು ಕಿಲೋಮೀಟರು ಹತ್ತಿ ಬಂದ ಮೇಲೂ.

ಅವನು ನನ್ನ ಕಡೆ ನೋಡಿದ. ಒಂದೇ ಸಲ. ಸಜ್ಜೆ ಹಿಟ್ಟಿನ ಪೊಟ್ಟಣ ಹಿಡಿದು ನೋಡಿದ್ದನಲ್ಲ, ಅದೇ ನೋಟ. ಮೊನ್ನೆ ಬಂದಿರ್ಬಹುದು, ಬೀಸಿದ್ದು ಅಕ್ಟೋಬರ್.

“ಏನಾಗೇತೋ?” ಎಂದರು ದಾನವ್ವ ಕಿಟಕಿಯಿಂದ.

ರಾಚಯ್ಯ ತೋಳು ಒರೆಸಿಕೊಂಡ. “ನಂದ ತಪ್ಪವ್ವಾ. ಮುಂಜಾನಿ ಹೊರಡೂ ಮುಂದ ಮುಚ್ಚಳಾ ತಗದು ನೋಡಿ ಸಡ್ಲ ಬಿಟ್ಟಿದ್ದೆ. ಗಾಳಿ ಹೊಕ್ಕೈತಿ.”

“ಏ ಖೋಡಿ! ಹಡಗದ ಎಂಜಿನ್ ಬಿಚ್ಚಿ ಜೋಡಸ್ತಿ, ಒಂದು ಮುಚ್ಚಳಾ ತಿರುವಾಕ ಬರಂಗಿಲ್ಲೇನ್ ನಿನಗ? ಇವತ್ತ ಆಗಬೇಕಿತ್ತೇನ್ ಇದು? ಇವತ್ತ?”

“ಆಮ್ಯಾಲ ಬೈಯವ್ವಾ. ಈಗ ಆ ಬುಟ್ಟ್ಯಾಗಿನ ಒಂದ ಗಜ್ಜರಿ ಕೊಡು.”

ಆಮೇಲಿನ ಅರ್ಧ ಗಂಟೆ ಅವನು ಕೆಲಸ ಮಾಡಿದ್ದನ್ನು ನೆನೆದರೆ ಈಗಲೂ ನನಗೆ ಹಿತವಾಗುತ್ತದೆ. ಕೆಲಸ ಗೊತ್ತಿದ್ದವನ ಕೈ ಅವಸರಪಡುವುದಿಲ್ಲ. ಟ್ಯಾಂಕಿನ ಆವಿಯನ್ನು ಹಿಡಿದಿಡಲು ಕಾರಿನೊಳಗೆ ಇದ್ದಿಲು ತುಂಬಿದ ಒಂದು ಡಬ್ಬಿ ಇರುತ್ತದೆ. ಟ್ಯಾಂಕು ಅತಿಯಾಗಿ ತುಂಬಿದರೆ ಆವಿಯ ಬದಲು ಪೆಟ್ರೋಲೇ ಹೋಗಿ ಅದನ್ನು ನೆನೆಸುತ್ತದೆ. ಅಲ್ಲಿಂದ ಬೇಡದ ಪೆಟ್ರೋಲು ಕುಡಿದು ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ಇದನ್ನೆಲ್ಲ ಅವನು ನನಗೆ ಹೇಳಿದ್ದು ಬಾನೆಟ್ಟಿನೊಳಗೆ ತಲೆ ಇಟ್ಟುಕೊಂಡು, ತಾಯಿಗೆ ಕೇಳದ ದನಿಯಲ್ಲಿ, ಯಾರ ಹೆಸರನ್ನೂ ಎತ್ತದೆ. ಆ ಡಬ್ಬಿಯಿಂದ ಬರುವ ಬೆರಳು ಗಾತ್ರದ ರಬ್ಬರ್ ನಳಿಕೆಯನ್ನು ಎಂಜಿನ್ನಿನಿಂದ ಕಿತ್ತ. ಎಂಜಿನ್ನಿನ ಕಡೆ ಉಳಿದ ತೂತಿಗೆ ಗಜ್ಜರಿಯನ್ನು ಚಾಕುವಿನಲ್ಲಿ ಹೆರೆದು, ಅಳತೆ ನೋಡಿ, ಮತ್ತೆ ಹೆರೆದು, ಬಿರಡೆಯ ಹಾಗೆ ತಿರುವಿ ಕೂರಿಸಿದ.

ಸ್ಪಾರ್ಕ್ ಪ್ಲಗ್ಗುಗಳು ನಾಲ್ಕೂ ಪೆಟ್ರೋಲಿನಲ್ಲಿ ತೊಯ್ದಿದ್ದವು. ಒರೆಸಿದರೆ ಆ ಚಳಿಗೆ ಒಣಗುತ್ತಿರಲಿಲ್ಲ.

“ಕೊಡಿಲ್ಲೆ” ಎಂದರು ದಾನವ್ವ. ನಾಲ್ಕನ್ನೂ ಸೆರಗಿನಲ್ಲಿ ಕಟ್ಟಿ, ಕೌದಿಯೊಳಗೆ ಹೊಟ್ಟೆಗೆ ಒತ್ತಿ ಹಿಡಿದುಕೊಂಡು ಕೂತರು. ಕೋಳಿ ಕಾವು ಕೂತ ಹಾಗೆ. ಬೈಗುಳ ಮಾತ್ರ ನಿಂತಿರಲಿಲ್ಲ. “ಇವರಪ್ಪನೂ ಹಿಂಗ. ಚಕ್ಕಡಿ ಗಾಲಿಗೆ ಕಡಾಣಿ ಹಾಕೂದು ಮರೀತಿದ್ದ.”

“ಅಪ್ಪ ಒಂದ ಸಲ ಮರ್ತಿದ್ದ ಅವ್ವಾ.”

“ನೀನೂ ಒಂದ ಸಲ. ಆದ್ರ ಇವತ್ತ.”

ನಾನು ರಸ್ತೆಯ ಆಚೆಗೆ ನಡೆದು, ಅಲ್ಲಿ ಏನೋ ಇದೆಯೆಂಬಂತೆ ಕಣಿವೆ ನೋಡುತ್ತ ನಿಂತೆ. ಮಂಜು ಬಿಟ್ಟು ಏನೂ ಇರಲಿಲ್ಲ.

ಹತ್ತಕ್ಕೆ ಎರಡು ನಿಮಿಷ ಇರುವಾಗ ಪ್ಲಗ್ಗು ಹಾಕಿ, ಪೆಡಲನ್ನು ಪೂರ್ತಿ ಒತ್ತಿ ಕೀಲಿ ತಿರುಗಿಸಿದ. ಎಂಜಿನ್ ಗೊಣಗಿತು, ಕಪ್ಪು ಹೊಗೆ ಬಿಟ್ಟಿತು, ಹಿಡಿಯಿತು. ಹಳದಿ ದೀಪ ಇನ್ನೂ ಉರಿಯುತ್ತಲೇ ಇತ್ತು. ರಾಚಯ್ಯ ಗೇರ್ ಹಾಕಿದ.

“ದೀಪ ಆರಿಲ್ಲ” ಎಂದೆ. ಹೇಳದೆ ಇರಲಾಗಲಿಲ್ಲ.

“ಕಾರಣ ಗೊತ್ತಿಲ್ದಿರೋ ದೀಪಕ್ಕೆ ಹೆದರ್ಬೇಕು ಸಾವ್ಕಾರ್ರೆ. ಗೊತ್ತಾದ ಮೇಲೆ ಅದು ಬರೀ ದೀಪ.”

ತೋಟ ತಲುಪಿದಾಗ ಹತ್ತೂ ಐವತ್ತು. ಗಜ್ಜರಿ ಗಟ್ಟಿಯಾಗಿ ಕೂತಿತ್ತು. ಕಾಮಾಕ್ಷಿ ಗೇಟಿನಲ್ಲೇ ಕಾಯುತ್ತಿದ್ದಳು. ಅವಳ ತೋಟವೆಲ್ಲ ಪ್ಲಾಸ್ಟಿಕ್ ಮಾಡಿನ ಕೆಳಗೆ. ದಾನವ್ವ ಒಳಗೆ ಹೆಜ್ಜೆಯಿಡಲಿಲ್ಲ.

“ಮ್ಯಾಲ ಆಕಾಶ ಇಲ್ದಿದ್ದು ಎಂಥಾ ಹೊಲಾ?”

ಕಾಮಾಕ್ಷಿಗೆ ಭಾಷೆ ಗೊತ್ತಿಲ್ಲ, ಆದರೆ ಬೆರಳು ಮೇಲಕ್ಕೆ ಹೋದದ್ದು ಕಂಡಿತು. ನಗುತ್ತ ಹಿಂದಿನ ದಿಣ್ಣೆಗೆ ಕರೆದುಕೊಂಡು ಹೋದಳು. ಕಿತ್ತು ಮುಗಿದ ಕೋಸಿನ ಪಾತಿಗಳು, ಹಳದಿ ಮಣ್ಣು, ಮೇಲೆ ಬೆಳ್ಳಗಿನ ಆಕಾಶ. ದಾನವ್ವ ಚಪ್ಪಲಿ ಬಿಟ್ಟು ಇಳಿದರು. ಐದು ಕಲ್ಲು ಆರಿಸಿಟ್ಟು, ಅರಿಶಿನ ಕುಂಕುಮ ಹಚ್ಚಿ, ಉಳಿದ ನಾಲ್ಕು ಗಜ್ಜರಿಯನ್ನು ನಾಲ್ಕರ ಮುಂದೆ ಇಟ್ಟರು. ಐದನೆಯದರ ಮುಂದೆ ಏನೂ ಇರಲಿಲ್ಲ. “ನಿಂದು ಗಾಡ್ಯಾಗೈತಿ, ಹೊಟ್ಟಿಗಿ ಹಾಕ್ಕೋ” ಎಂದರು ಆ ಕಲ್ಲಿಗೆ.

ಆಮೇಲೆ ಚರಗ ಚೆಲ್ಲಿದರು. ಅರವತ್ತೈದು ದಾಟಿದ ಹೆಂಗಸು ಆ ಇಳಿಜಾರಿನಲ್ಲಿ ಹುಡುಗಿಯಂತೆ ನಾಲ್ಕೂ ಮೂಲೆಗೆ ನಡೆದರು. ಪ್ರತಿ ಹಿಡಿಗೂ ಅವರ ಊರಿನ ಕೂಗು. ಅದರ ಅರ್ಥ ಅವರಿಗೂ ಗೊತ್ತಿಲ್ಲವಂತೆ, ಅತ್ತೆ ಕೂಗುತ್ತಿದ್ದರು, ಇವರು ಕೂಗಿದರು. ಹಿಂದಿನಿಂದ ರಾಚಯ್ಯ ತಂಬಿಗೆಯಲ್ಲಿ ನೀರು ಚಿಮುಕಿಸುತ್ತ ಹೋದ, ಒಂದು ತೋಳು ಪೆಟ್ರೋಲು ನಾರುತ್ತ. ಹನ್ನೊಂದೂ ಎಂಟಕ್ಕೆ ಬುಟ್ಟಿ ಬರಿದಾಯಿತು. ಪಾರಿವಾಳ ಒಂದೂ ಬರಲಿಲ್ಲ. ದಾನವ್ವ ಹೊಲದ ನಡುವೆ ನಿಂತು ಬಾಯಿಂದ ಹೊರಟ ಹಬೆಯನ್ನು ನೋಡಿಕೊಂಡು ನಕ್ಕರು.

ಮೆಂತ್ಯದ ಮಾತು ಆ ದಿನ ಕುದುರಲಿಲ್ಲ. ನನ್ನ ಮನಸ್ಸು ವ್ಯಾಪಾರದಲ್ಲಿರಲಿಲ್ಲ. ಹಾಗಾದದ್ದು ಅದೊಂದೇ ಸಲ ಇರಬೇಕು.

ವಾಪಸು ಬರುವಾಗ, ಸೇತುವೆಗೆ ಮೊದಲು ಸಿಗುವ ಜೊಹೊರಿನ ಪಂಪಿನಲ್ಲಿ 'ತುಂಬಿಸಬೇಕು' ಎಂದು ರಾಚಯ್ಯ ಇಳಿದ. ಪಂಪಿನ ಮೂತಿಯನ್ನು ನನ್ನ ಕೈಗೆ ಕೊಟ್ಟ. ಅಕ್ಕಪಕ್ಕದಲ್ಲಿ ಸಿಂಗಪುರದ ಕಾರುಗಳು ಕುಲುಕಾಡುತ್ತಿದ್ದವು.

“ನೀವೇ ತುಂಬ್ಸಿ ಸಾವ್ಕಾರ್ರೆ. ಕ್ಲಿಕ್ ಅಂದಾಗ ಬಿಡಿ” ಎಂದ.

ಆ ವಿಷಯಕ್ಕೆ ಅವನು ಜೀವಮಾನದಲ್ಲಿ ಆಡಿದ್ದು ಅಷ್ಟೇ ಮಾತು. ಕ್ಲಿಕ್ ಅಂತು. ಬಿಟ್ಟೆ.

ದಾನವ್ವ ಮಾತ್ರ ಸುಮ್ಮನಿರಲಿಲ್ಲ. ಸಂಕ್ರಾಂತಿಗೆ ಕ್ಲೆಮೆಂಟಿಯಲ್ಲಿ ಕನ್ನಡದವರು ಸೇರಿದಾಗ ಎಲ್ಲರ ಮುಂದೆ ಹೇಳಿದರು. ಯುಗಾದಿಗೆ ಪಾಸಿರ್ ರಿಸ್ ಕಡಲತೀರದಲ್ಲಿ ಸೇರಿದಾಗ ಹೇಳಿದರು. ಕಥೆ ಬೆಳೆಯಿತು. ಗಜ್ಜರಿ ಉದ್ದವಾಯಿತು, ಪ್ರಪಾತ ಆಳವಾಯಿತು. ಕೊನೆ ಮಾತ್ರ ಒಂದೇ: “ಹಡಗ ರಿಪೇರಿ ಮಾಡ್ತಾನ, ಮುಚ್ಚಳಾ ಹಾಕಾಕ ಬರಂಗಿಲ್ಲ ನನ್ನ ಮಗಗ.” ಹುಡುಗರು ಅವನಿಗೆ ಮುಚ್ಚಳ ಅಂಕಲ್ ಎಂದು ಹೆಸರಿಟ್ಟರು. ಇಪ್ಪತ್ತು ವರ್ಷ ಒಂದು ನಟ್ಟು ಸಡಿಲ ಬಿಡದ ಮನುಷ್ಯ ಅದಕ್ಕೆ ತಲೆ ಕೆರೆದುಕೊಂಡು ನಗುತ್ತಿದ್ದ. ನಾನೂ ಗುಂಪಿನಲ್ಲಿ ನಿಂತು, ಎಲ್ಲರಿಗಿಂತ ಒಂದು ಪಾಲು ಜೋರಾಗಿಯೇ, ನಗುತ್ತಿದ್ದೆ.

ಇನ್ನೂ ನಾಲ್ಕು ವರ್ಷ ಅವರು ಬೆಟ್ಟಕ್ಕೆ ಹೋದರು. ಪೆಟ್ರೋಲು ನನ್ನದೇ. ಐದನೇ ವರ್ಷ ದಾನವ್ವ ಹೋಗಲಿಲ್ಲ. ಆ ಮಳೆಗಾಲದಲ್ಲಿ ತೀರಿಕೊಂಡಿದ್ದರು. ಹಡಗುಕಟ್ಟೆಯ ಸುಗ್ಗಿ ಮುಗಿದ ಮೇಲೆ ರಾಚಯ್ಯ ಧಾರವಾಡಕ್ಕೆ ಹೋಗಿ ನೆಲೆಸಿದ. ಕಾರು ಅದಕ್ಕೂ ಮೊದಲೇ ಗುಜರಿಗೆ ಹೋಗಿತ್ತು. ಅಂಗಡಿಯ ಫ್ರೀಜರು ಮಾತ್ರ ಈಗಲೂ ಇದೆ. ಅದರ ದೀಪ ಹೊತ್ತಿದರೆ ಬೆಲೆಚೀಟಿ ಅಂಟಿಸುವುದಿಲ್ಲ, ನಿಲ್ಲಿಸಿ ಹಿಂದೆ ಹೋಗಿ ಕೂರುತ್ತೇನೆ. ಡಿಸೆಂಬರಿನಲ್ಲಿ ಬೆಟ್ಟದ ಗಜ್ಜರಿ ಬಂದಾಗ ಒಂದನ್ನು ಮುರಿದು ಮೂಸುತ್ತೇನೆ, ಅದರಲ್ಲಿ ಪೆಟ್ರೋಲಿನ ವಾಸನೆ ಇರುವುದಿಲ್ಲ, ಆದರೂ ಮೂಸುತ್ತೇನೆ.

ರಾಚಯ್ಯ, ಆ ಬೆಳಿಗ್ಗೆ ಕಾರು ಕುಲುಕಿದವನು ನಾನು. ನೀನು ಕೇಳಿದಾಗ ಸುಳ್ಳು ಹೇಳಿದವನೂ ನಾನು. ನಿನ್ನ ಮುಚ್ಚಳ ಭದ್ರವಾಗಿತ್ತು. ಇದನ್ನು ನಿನ್ನ ತಾಯಿ ಇರುವಾಗ, ಅವರ ಮುಂದೆ ಹೇಳಬೇಕಾಗಿತ್ತು. ಅದು ನಾನು ನಿನಗೆ ಸಲ್ಲಿಸಬೇಕಾಗಿದ್ದದ್ದು, ಇನ್ನೂ ಸಲ್ಲಿಸಿಲ್ಲ.